ಇಲಿ ಕಡಿಯದ ಬಲೆ

ಜಂಬಿಯಾನಿ, ಜಂಜಿಬಾರ್
ಶುಕ್ರವಾರ, ನಮಾಜಿನ ನಂತರ

ಕಡಲಪಾಚಿ ಬೇಸಾಯದ ಸಾಹೇಬರಾದ ಪಂಡು ಅವರಿಗೆ ಝುವೇನಾ ಅಜ್ಜಿಯ ಸಲಾಂ.

ನೀವು ಕೊಟ್ಟ ಉದ್ದ ಬಲೆ ಒಳ್ಳೆಯದೇ. ಮೊದಲು ಆರು ಹೆಂಗಸರು ನನ್ನ ಅಂಗಳದಲ್ಲಿ ಕೂತು ಪಾಚಿಯ ತುಂಡುಗಳನ್ನು ಒಂದೊಂದಾಗಿ ಹಗ್ಗಕ್ಕೆ ಕಟ್ಟಲು ಇಡೀ ದಿನ ಬೇಕಿತ್ತು. ಈಗ ಇಬ್ಬರು ದಡದಲ್ಲೇ ನಿಂತು, ಚಹಾ ಆರುವುದರೊಳಗೆ ಬಲೆ ತುಂಬಿಸಿ ಮುಗಿಸುತ್ತಾರೆ. ಅಲೆ ಬಡಿದರೂ ಒಂದು ಎಸಳು ಉದುರುವುದಿಲ್ಲ. ಆದರೆ ನನ್ನ ಅಂಗಳಕ್ಕೆ ಯಾರೂ ಬರುವುದಿಲ್ಲ. ಎರಡು ತಿಂಗಳು ಕೋಳಿಗಳ ಜೊತೆ ಮಾತಾಡಿದೆ. ಈಗ ನನ್ನನ್ನು ಕಂಡರೆ ಅವೂ ಎದ್ದು ಹೋಗುತ್ತವೆ.

ನನ್ನ ಜಗಲಿಯಲ್ಲಿಟ್ಟ ಬಲೆಯನ್ನು ಇಲಿ ಕಡಿಯಿತೆಂದು ನಿಮಗೆ ಹೇಳಿದ್ದಾರಲ್ಲ, ಆ ಇಲಿ ನಾನೇ. ಮೀನು ಕೊಯ್ಯುವ ಚಾಕುವಿನಿಂದ ಕೊಯ್ದೆ.

ಮೊನ್ನೆ ಎಲ್ಲರೂ ಹಳೆಯ ಹಗ್ಗ ಹೊತ್ತುಕೊಂಡು ಬಂದರು.

"ಅಜ್ಜೀ, ನಿನ್ನ ಗಂಟು ನಿನ್ನ ಹಲ್ಲಿನ ಥರ ಅಲ್ಲಾಡ್ತಿದೆ!" ಎಂದಳು ಪಕ್ಕದ ಮನೆಯ ಮ್ಗೇನಿ.

"ನನ್ನ ಹಲ್ಲು ನೋಡೋದು ಬಿಟ್ಟು ನಿನ್ನ ಹಗ್ಗ ನೋಡ್ಕೊಳ್ಳೇ, ಸೋಮಾರಿ!" ಎಂದೆ.

ಎಲ್ಲರೂ ನಕ್ಕರು. ತೆಂಗಿನಹಾಲಿನಲ್ಲಿ ಬೇಯಿಸಿದ ಮರಗೆಣಸು ಒಂದು ತುಂಡೂ ಉಳಿಯಲಿಲ್ಲ.

ಸೋಮವಾರ ನೀವು ಹೊಸ ಬಲೆ ತರುತ್ತೀರಂತೆ. ತನ್ನಿ. ಅವರ ಬೆನ್ನುನೋವು ನನಗೂ ಗೊತ್ತು, ಬೇಡ ಎನ್ನಲಾರೆ. ಇನ್ನು ಚಾಕು ಮುಟ್ಟುವುದೂ ಇಲ್ಲ. ಆದರೆ ಬಲೆಗೆ ತುಂಬುವ ಮುಂಚೆ ಪಾಚಿ ಬಿಸಿಲಿಗೆ ಬಾಡಬಾರದು, ನೆರಳಲ್ಲಿರಬೇಕು ಎಂದು ನೀವೇ ಹೇಳಿದ್ದಿರಿ. ದಡದಲ್ಲಿ ನೆರಳಿಲ್ಲ. ನನ್ನ ಅಂಗಳದಲ್ಲಿ ಬಾದಾಮಿ ಮರವಿದೆ. ಬಲೆ ತುಂಬುವುದನ್ನು ಅಲ್ಲೇ ಮಾಡಿ ಎಂದು ಅವರಿಗೆ ಹೇಳಿ.

ನಾನು ಹೇಳಿಸಿದೆ ಎಂದು ಮಾತ್ರ ಹೇಳಬೇಡಿ.

ಇಂತಿ,
ಝುವೇನಾ