ಹಾಸಿಗೆ ಬಿಚ್ಚುವ ಕೋಣೆ

ಮಾರ್ಚ್ ೧೧, ಮಂಗಳವಾರ

ಹುಬ್ಬಿನ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತಿದೆ. ಬಗ್ಗಿ ಬರೆಯಲಾಗುತ್ತಿಲ್ಲ. ಆದರೂ ಬರೆಯುತ್ತೇನೆ.

ಡಾಕ್ಟರು ಇವತ್ತು ಬಿಡಿಸಿ ಹೇಳಿದರು. ನಮ್ಮ ಅಂಗಡಿಯಲ್ಲಿ ಹತ್ತಿ ಹಿಂಜಲು ಹಳೆಯ ಹಾಸಿಗೆ ಬಿಚ್ಚುವಾಗ ಏಳುವ ಧೂಳು ನನಗೆ ಅಲರ್ಜಿ. ಅದರಿಂದ ಮೂಗಿನ ಒಳಪದರ ಊದಿ ಸೈನಸ್ಸಿನ ದಾರಿ ಮುಚ್ಚುತ್ತದೆ, ಒಳಗೆ ನಿಂತ ಕಫಕ್ಕೆ ಸೋಂಕು ತಗಲುತ್ತದೆ. ಸೋಂಕಿಗೆ ಮಾತ್ರೆ, ಅಲರ್ಜಿಗೆ ದಿನವೂ ಮೂಗಿನ ಸ್ಪ್ರೇ. "ಧೂಳು ಹಾಗೇ ಇದ್ರೆ ಮತ್ತೆ ಇಲ್ಲಿಗೇ ಬರ್ತೀಯಮ್ಮ" ಎಂದರು.

ಗಿರಾಕಿಗಳಿಗೆ ಕೊಳಕು ಹತ್ತಿ ಕಾಣಬಾರದೆಂದು ಅಂಗಡಿ ಯಜಮಾನರು ಕಿಟಕಿ ಮುಚ್ಚಿಸಿಯೇ ಹಾಸಿಗೆ ಬಿಚ್ಚಿಸುತ್ತಾರೆ. ಆ ಕೆಲಸವನ್ನು ಹಿತ್ತಲಿಗೆ ಹಾಕಿ ಎಂದು ಕೇಳಿದೆ. ಒಳ್ಳೆಯ ಗಾಳಿ ಕೆಲಸಗಾರರ ಹಕ್ಕು ಎಂದೂ ಹೇಳಿದೆ. ನಕ್ಕುಬಿಟ್ಟರು.

"ಸಂಘದವರ ಕರಪತ್ರ ಓದಿ ಓದಿ ಬಂದ ತಲೆನೋವು ಕಣೇ ಇದು. ನನಗೇನೂ ಆಗಿಲ್ವಲ್ಲ?"

"ನೀವು ಆ ಕೋಣೆ ಹೊಸ್ತಿಲು ದಾಟಿದ್ದು ಯಾವಾಗ, ಸಾರ್?"

ಅಲ್ಲೇ ದುಡಿಯುವ ಅತ್ತಿಗೆ ನನ್ನ ತೋಳು ಹಿಡಿದು ಆಚೆಗೆ ಎಳೆದರು. ಮನೆಗೆ ಬಂದವರೇ ರೇಗಿದರು. "ಬಾಯಿ ಮುಚ್ಕೊಂಡಿರು ತಾಯಿ, ಇಬ್ಬರನ್ನೂ ಓಡಿಸ್ತಾರೆ."

"ಮೂಗು ಕಟ್ಟಿದೆ. ಬಾಯೂ ಮುಚ್ಚಿದ್ರೆ ಉಸಿರಾಡೋದು ಎಲ್ಲಿಂದ ಅತ್ತಿಗೆ?"

ನಗು ತಡೆಯಲಾಗಲಿಲ್ಲ ಅವರಿಗೆ. ನಗುತ್ತಲೇ ಸೀನು ಶುರುವಾಯಿತು, ನಿಲ್ಲಲೇ ಇಲ್ಲ. ಕಣ್ಣೊರೆಸಿಕೊಂಡರು. ನಾಳೆ ಮೊದಲ ಹಾಸಿಗೆಯನ್ನು ಹಿತ್ತಲಿಗೆ ಎಳೆಯುತ್ತೇನೆ, ಕೇಳುವುದೇನೂ ಇಲ್ಲ ಎಂದೆ.

ಅತ್ತಿಗೆ ಹೇಳಿದರು: "ಒಬ್ಬಳ ಕೈಲಿ ಏಳಲ್ಲ ಅದು. ನೆಲ ಬೇರೆ ತೇವ ಇರತ್ತೆ. ನಮ್ಮನೆ ಚಾಪೆ ತಗೊಂಡು ಹೋಗೋಣ."

ಚಾಪೆ ಸುತ್ತಿ ಬಾಗಿಲ ಬಳಿ ಇಟ್ಟಿದ್ದೇವೆ. ಓಡಿಸಲಿ, ನೋಡೇಬಿಡೋಣ. ಕಣ್ಣು ನಿದ್ದೆಗೆ ಎಳೆಯುತ್ತಿದೆ, ಸ್ಪ್ರೇ ಇನ್ನೂ ಹಾಕಿಕೊಂಡಿಲ್ಲ.