ದಾವಲಬಿ ಗೆದ್ದ ಮೊಕದ್ದಮೆ

ವಿಜಯಪುರ
೨೧೪೯ನೇ ಇಸವಿ, ಫೆಬ್ರವರಿ ೩೦

ನಿಮ್ಮ ಕಾಲದ ಯಾವುದೋ ಕಾಲೇಜಿನಲ್ಲಿ ಆಟ ಕಲಿಸುತ್ತಿರುವ ಮಾಸ್ತರರಿಗೆ ರಾಚಯ್ಯ ಮಠಪತಿಯ ನಮಸ್ಕಾರ.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮುಂದೆ ಬರುವ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿವೃತ್ತರಾದ ಶಿಕ್ಷಕರು ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸಬಹುದೆಂಬ ಪದ್ಧತಿ ಇಲ್ಲಿದೆ. ಇದನ್ನು ಹಿಂದಂಚೆ ಎನ್ನುತ್ತೇವೆ. ಬಹಳ ಮಂದಿ ತಮ್ಮ ಮುತ್ತಜ್ಜನಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಾನು ಸೈ ಮಾಡಿದಂಥ ಕಾಗದವನ್ನು ನಿಮ್ಮ ಮುಂದೆಯೂ ಯಾರಾದರೂ ತಂದಿಡುತ್ತಾರೆ, ಅದಕ್ಕೆ.

ನಮ್ಮ ಕಾಲೇಜುಗಳು ತಂಪುಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತವೆ. ಆಮೇಲಿನ ಬಿಸಿಲಿಗೆ ಯಾರೂ ಹೊರಗೆ ಬರುವುದಿಲ್ಲ. ಊರಿನ ದೊಡ್ಡ ರಸ್ತೆಗಳ ಮೇಲೆಲ್ಲ ಬಿಸಿಲು ಹೀರುವ ಚಪ್ಪರವಿದೆ. ಅದರಡಿ ಸೈಕಲ್ಲುಗಳದೇ ರಾಜ್ಯ. ರೊಟ್ಟಿ, ಶೇಂಗಾ ಹಿಂಡಿ ನಿಮ್ಮ ಕಾಲದ್ದೇ ಇರಬೇಕು, ಬದಲಾದಂತಿಲ್ಲ. ಬದಲಾದದ್ದು ಆಟಗಾರರ ಬದುಕು. ಕಾಲೇಜಿಗೆ ಸೇರಿದ ದಿನದಿಂದ ಅವರ ಉಸಿರು, ನಿದ್ದೆ, ಸ್ನಾಯುಗಳ ಏರಿಳಿತ ಎಲ್ಲವೂ ದಾಖಲಾಗುತ್ತದೆ. ಅದೇ ಮೈಪಟ್ಟಿ. ಮೈಪಟ್ಟಿಯಿಲ್ಲದೆ ಯಾವ ಸ್ಪರ್ಧೆಗೂ ಇಳಿಸುವುದಿಲ್ಲ, ಮತ್ತು ಅದು ಕಾಲೇಜಿನ ವಶದಲ್ಲಿರುತ್ತದೆ. ಕಾಲೇಜು ಬದಲಿಸಬೇಕೆನ್ನುವವರು ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಬಿಡದಿದ್ದರೆ ಆಟದ ಕಟ್ಟೆಗೆ, ಅಂದರೆ ಇಂಥ ತಂಟೆ ತೀರಿಸುವ ಮೂವರ ನ್ಯಾಯಮಂಡಳಿಗೆ, ಹೋಗಬೇಕು.

ದಾವಲಬಿ ನದಾಫ ಗಾದಿ ಹೊಲಿಯುವವರ ಮನೆಯ ಹುಡುಗಿ. ಹದಿನಾಲ್ಕನೇ ವಯಸ್ಸಿನಲ್ಲಿ ಸರಕಿನ ಸೈಕಲ್ ಮೇಲೆ ಎರಡು ಗಾದಿ ಹೇರಿಕೊಂಡು ಎದುರುಗಾಳಿಯಲ್ಲಿ ದಿನ್ನೆ ಹತ್ತುತ್ತಿದ್ದವಳನ್ನು ನಾನು ಕಂಡೆ. ರೇಸಿನ ಸೈಕಲ್ ಕೊಟ್ಟೆ. ಮುಂದೆ ನಮ್ಮ ಕಾಲೇಜಿಗೇ ಸೇರಿಸಿದೆ. ಇನ್ನೂರು ಮೀಟರಿನ ಸೈಕಲ್ ಓಟದಲ್ಲಿ ಅವಳಂಥ ವೇಗವನ್ನು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಅವಳಿಗೆ ಇಪ್ಪತ್ತೊಂದಾದಾಗ ಕಾಲೇಜು ಗಿಡ್ಡ ಓಟಗಳನ್ನೇ ಕೈಬಿಟ್ಟಿತು. ನೂರು ಕಿಲೋಮೀಟರಿನ ತಂಡದ ಓಟಕ್ಕೆ ಜನ ಸೇರುತ್ತಿದ್ದರು. ಎಲ್ಲರೂ ಅದನ್ನೇ ಓಡಿಸಬೇಕೆಂದು ಆಜ್ಞೆಯಾಯಿತು. ದಾವಲಬಿ ಗದಗಿನ ಒಂದು ಕಾಲೇಜಿಗೆ ಹೋಗುತ್ತೇನೆಂದು ಅರ್ಜಿ ಕೊಟ್ಟಳು. ಅಲ್ಲಿ ಗಿಡ್ಡ ಓಟದ ಹಾದಿಯಿತ್ತು, ಕಲಿಸುವವರಿದ್ದರು. ಹೋಗು ಎಂದು ಹೇಳಿದವನು ನಾನೇ.

ಮರುವಾರ ಪ್ರಿನ್ಸಿಪಾಲ್ ಹೆರಕಲ್ ನನ್ನನ್ನು ಕರೆದರು. ತಡೆಮಾತು, ಅಂದರೆ ಕಾಲೇಜಿನ ಆಕ್ಷೇಪಣೆ, ಟೈಪಾಗಿ ಕೂತಿತ್ತು. ಗದಗಿನವರು ಆಸೆ ತೋರಿಸಿ ಹುಡುಗಿಯನ್ನು ಸೆಳೆದಿದ್ದಾರೆ, ಅವಳ ವೇಗ ನಮ್ಮ ತರಬೇತಿಯಿಂದ ಹುಟ್ಟಿದ್ದು, ಆದ್ದರಿಂದ ಮೈಪಟ್ಟಿ ನಮ್ಮದು ಎಂದು ಬರೆದಿತ್ತು.

“ಒಬ್ಬಾಕಿನ್ನ ಬಿಟ್ರ ನಾಳೆ ಎಲ್ಲಾರೂ ಹೊಂಟ್ ನಿಲ್ತಾರ, ಮಾಸ್ತರ,” ಎಂದರು. “ನಿಮ್ಮ ನೌಕರಿ ಮುಂದುವರಿಸೂ ಕಾಗದಾನೂ ಇದ ತಿಂಗಳ ಬರತೈತಿ. ಸೈ ಮಾಡ್ರಿ.”

ಮಾಡಿದೆ. ಯೋಚಿಸಲು ಒಂದು ದಿನ ಕೇಳಬಹುದಿತ್ತು, ಅದನ್ನೂ ಕೇಳಲಿಲ್ಲ.

ದಾವಲಬಿ ಆ ಕಾಗದದ ಪ್ರತಿ ಹಿಡಿದುಕೊಂಡು ಮೈದಾನಕ್ಕೆ ಬಂದಳು. ನಾನು ಚೈನಿಗೆ ಎಣ್ಣೆ ಹಾಕುತ್ತಿದ್ದೆ.

“ಸರ, ಈ ಸೈ ನಿಮ್ದ ಏನ್ರಿ?”

“ಹೌದವಾ.”

“ನೀವ ಹೋಗಂದಿದ್ರಿ.”

“ಅಂದಿದ್ದೆ.”

ಇನ್ನೂ ಏನೋ ಕೇಳುತ್ತಾಳೆಂದು ಕಾದೆ. ಅವಳು ಕಾಗದ ಮಡಚಿಕೊಂಡು ಹೋದಳು.

ಆಟದ ಕಟ್ಟೆ ಎರಡೇ ತಿಂಗಳಲ್ಲಿ ಅವಳ ಪರವಾಗಿ ಹೇಳಿತು. ಕಾಲೇಜು ಮೇಲಿನ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ತೀರ್ಪಾಗುವವರೆಗೆ ಮೈಪಟ್ಟಿ ಕೋರ್ಟಿನ ವಶ. ಅಲ್ಲಿಂದ ಮುಂದೆ ಅವಳು ನಮ್ಮ ಪರವಾಗಿಯೂ ಓಡಿಸುವಂತಿಲ್ಲ, ಗದಗಿನ ಪರವಾಗಿಯೂ ಓಡಿಸುವಂತಿಲ್ಲ. ವಕೀಲರಿಗೆ ಜ್ವರ ಬಂತು, ನ್ಯಾಯಾಧೀಶರಿಗೆ ವರ್ಗವಾಯಿತು, ಕಡತ ಬೇರೆ ಪೀಠಕ್ಕೆ ಹೋಯಿತು. ದಾವಲಬಿ ದಿನಾ ಜಾವದಲ್ಲಿ ಒಬ್ಬಳೇ ಚಪ್ಪರದ ರಸ್ತೆಯಲ್ಲಿ ತಾಲೀಮು ಮಾಡುತ್ತಿದ್ದಳು. ನಾನು ಬೇರೆ ದಾರಿಯಿಂದ ಕಾಲೇಜಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಮೂರನೇ ವರ್ಷ ನನ್ನ ಸಾಕ್ಷಿ. ಈಕೆಯ ವೇಗ ಎಲ್ಲಿಂದ ಬಂತು ಎಂದು ನಮ್ಮ ವಕೀಲರು ಕೇಳಿದರು. ಕಾಲೇಜಿನ ತರಬೇತಿಯಿಂದ ಎಂದೆ. ಹೊರಗೆ ಬಂದಾಗ ಅವಳ ತಾಯಿ ಕಾಶೀಂಬಿ ಬಾಗಿಲ ಹತ್ತಿರವೇ ನಿಂತಿದ್ದರು. ದನಿ ಏರಿಸಲಿಲ್ಲ.

“ಗಾದಿ ಹೇರಕೊಂಡ್ ದಿನ್ನಿ ಹತ್ತತಿದ್ಲಲ್ರಿ ಮಾಸ್ತರ, ಅವಾಗ ಯಾವ ಕಾಲೇಜಿತ್ತು?”

ಉತ್ತರಕ್ಕೆ ಕಾಯದೆ ಹೊರಟುಹೋದರು.

ನಾಲ್ಕನೇ ವರ್ಷ ತೀರ್ಪು ಬಂತು. ದಾವಲಬಿ ಗೆದ್ದಿದ್ದಳು. ಮೈ ಆಟಗಾರರದು, ಪಟ್ಟಿಯೂ ಅವರದೇ ಎಂದು ನ್ಯಾಯಾಧೀಶರು ತೊಂಬತ್ತು ಪುಟ ಬರೆದಿದ್ದರು. ಬಹಳ ಒಳ್ಳೆಯ ತೀರ್ಪು. ಕಾನೂನು ಓದುವ ಮಕ್ಕಳು ಇಂದಿಗೂ ಅದನ್ನು ಬಾಯಿಪಾಠ ಮಾಡುತ್ತಾರೆ. ಕಾಲೇಜು ಸ್ಪರ್ಧೆಗಳಿಗೆ ಇಪ್ಪತ್ತೈದು ವರ್ಷದ ಮಿತಿ. ತೀರ್ಪಿನ ದಿನ ಅವಳಿಗೆ ಇಪ್ಪತ್ತೈದು ತುಂಬಿ ಹತ್ತೊಂಬತ್ತು ದಿನವಾಗಿತ್ತು. ಆ ವರ್ಷವೇ ನಮ್ಮ ಕಾಲೇಜು ಅವಳಿಗೆ ಹೆಮ್ಮೆಯ ಹಳೆ ವಿದ್ಯಾರ್ಥಿನಿ ಎಂದು ಸನ್ಮಾನ ಇಟ್ಟುಕೊಂಡಿತು. ಅವಳು ಬರಲಿಲ್ಲ. ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನೂ ಇದ್ದೇನೆ.

ಹೋದ ವರ್ಷ ಇಂಡಿಗೆ ಹೋಗುವ ಟ್ರಾಮು ಹತ್ತಿದಾಗ ನಡೆಸುವ ಜಾಗದಲ್ಲಿ ಅವಳೇ ಕೂತಿದ್ದಳು. ತಲೆಗೂದಲು ಅಲ್ಲಲ್ಲಿ ನೆರೆತಿತ್ತು. ನಾನು ಇಳಿದುಬಿಡಬೇಕೆಂದುಕೊಂಡೆ.

“ಕೂಡ್ರಿ ಸರ,” ಎಂದಳು. “ನಿಂತ್ರ ಬೀಳ್ತೀರಿ.”

ಕೂತೆ. ಎರಡು ನಿಲ್ದಾಣ ದಾಟಿದ ಮೇಲೆ, ಈಗ ನಿಮ್ಮ ಕಾಲೇಜಿನ್ಯಾಗ ಚಲೋ ಯಾರ ಓಡಸ್ತಾರಿ ಎಂದು ಕೇಳಿದಳು. ಭೌರಮ್ಮ ಅಂತ ಒಬ್ಬಾಕಿ ಅದಾಳ, ನಿನ್ನಂಗ ಗಿಡ್ಡ ಓಟಕ್ಕ ಹುಟ್ಟಿದಾಕಿ ಎಂದೆ.

“ಆಕಿ ಎಲ್ಲ್ಯಾರ ಹೋಗ್ತೀನಂದ್ರ ಬಿಡಾಕ ಹೇಳ್ರಿ ಸರ.”

ಭೌರಮ್ಮ ಹೋದ ತಿಂಗಳು ಅರ್ಜಿ ಹಾಕಿದಳು. ಈಗಿನ ಮಾಸ್ತರ ನನ್ನ ಶಿಷ್ಯ. ಅವನ ಮನೆಗೆ ಹೋಗಿ ಕೈಮುಗಿದು ಕೇಳಿಕೊಂಡೆ. ಅವನು ನಾಚಿಕೆಯಿಲ್ಲದೆ ನಿಜ ಹೇಳಿದ. ಗೆಲ್ಲುವ ಆಸೆ ಕಾಲೇಜಿಗೂ ಇಲ್ಲವಂತೆ. ದಾವಲಬಿ ತೀರ್ಪಿನ ಮುಂದೆ ಯಾವ ಕಾಲೇಜೂ ಗೆಲ್ಲಲಾರದು. ನಾಲ್ಕು ವರ್ಷ ಎಳೆದರೆ ಸಾಕಂತೆ. ತಡೆಮಾತಿಗೆ ಅವನ ಸೈ ಬಿದ್ದಿದೆ.

ನಿಮ್ಮ ಕಾಲದಲ್ಲಿ ಇಂಥ ತಡೆಮಾತು ಇನ್ನೂ ಒಂದು ಹಾಳೆಯ ವ್ಯವಹಾರವೆಂದು ಹಳೆಯ ಕಡತಗಳಲ್ಲಿ ಓದಿದ್ದೇನೆ. ಆ ಹಾಳೆ ನಿಮ್ಮ ಮುಂದೆ ಬಂದ ದಿನ, ಕೋರ್ಟು ನೋಡಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕೋರ್ಟು ನೋಡಿಕೊಳ್ಳುತ್ತದೆ ನಿಜ, ಆ ಹೊತ್ತಿಗೆ ನಿಮ್ಮ ಹುಡುಗಿ ಟ್ರಾಮು ನಡೆಸುತ್ತಿರುತ್ತಾಳೆ. ನೌಕರಿ ಹೋದರೆ ಹೋಗಲಿ ಎನ್ನುವ ಅಧಿಕಾರ ನನಗಿಲ್ಲ. ನಾನು ನನ್ನದನ್ನು ಉಳಿಸಿಕೊಂಡವನು. ಆದರೂ ಕೇಳುತ್ತಿದ್ದೇನೆ. ಸೈ ಮಾಡಬೇಡಿ.

ಇನ್ನೊಂದು ಕಾಗದ ಬರೆಯಲು ನನಗೆ ಅವಕಾಶವಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ರಾಚಯ್ಯ ಮಠಪತಿ