ಕೊಲೆ ಮಾಡಿದ್ದು ಅಜ್ಜಿಯೇ

ದೊಡ್ಡಗಾಜನೂರು,
14-7-2025, ಸೋಮವಾರ

ನನ್ನ ಮುದ್ದು ಕೂಸು ಮೇಘಾ,

ಹೇಗಿದ್ದೀಯೇ? ಮೈಸೂರಿನ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಬರೆಯುವ ಗುಂಗಿನಲ್ಲಿ ಟೀ ಕುಡಿದುಕೊಂಡೇ ಕಾಲ ಹಾಕುತ್ತೀಯೋ? ಕೆಮ್ಮು ಹೋಯಿತೇ? ನನ್ನ ಮಂಡಿ ಮುಷ್ಕರ ಹೂಡಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿಗೊಟ್ಟು ಕೂರುತ್ತಾನೆ. ಮೂವತ್ತು ವರ್ಷ ಬಾಲವಾಡಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಕಾಗದ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನೀನು ಬರೆದು ಕೊಟ್ಟುಹೋದ ಕಾದಂಬರಿಯನ್ನು ಎರಡು ಸಲ ಓದಿದೆ. ದಿಂಬಂ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಕಾಡಂಚಿನ ಒಂಟಿ ಮನೆಯಲ್ಲಿ ಆರು ಜನ ಸಿಕ್ಕಿಬೀಳುತ್ತಾರೆ, ಬೆಳಗ್ಗೆ ನೋಡಿದರೆ ಯಜಮಾನ ಹೆಣ. ಅಬ್ಬಬ್ಬಾ! ಒಲೆ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ ನನಗೆ. ಆರು ಜನರಲ್ಲಿ ಯಾರೂ ತಿರುಗಿ ನೋಡದ, ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೇ ಗಂಡನಿಗೆ ವಿಷ ಹಾಕಿದ್ದು ಎಂದು ಕೊನೆಯಲ್ಲಿ ತಿಳಿದಾಗ ಒಬ್ಬಳೇ ಚಪ್ಪಾಳೆ ತಟ್ಟಿದೆ. ಎಷ್ಟು ಕಥೆ ಓದಿದ್ದೇನೆ, ಅಜ್ಜಿಯರು ಅದರಲ್ಲಿ ಹರಸುತ್ತಾರೆ, ಇಲ್ಲ ಸಾಯುತ್ತಾರೆ. ನಿನ್ನವಳು ಒಂದು ಕೆಲಸ ಅಂತ ಮಾಡಿದಳಲ್ಲ!

ಆದರೆ ಎರಡು ತಪ್ಪುಗಳಿವೆ ಕಣೇ. ದಿಂಬಂ ಮುಚ್ಚಿದರೆ ನಾವು ಲೋಕಕ್ಕೇ ಇಲ್ಲವಾದೆವೇನು? ಚಾಮರಾಜನಗರದ ಬಸ್ಸು ಎಲ್ಲಿ ಹೋಯಿತು? ನೀನು ಮೈಸೂರಿಗೆ ಹೋದದ್ದು ಯಾವ ದಾರಿಯಲ್ಲಿ? ಆ ಕಡೆಯ ಕರ್ನಾಟಕದ ಪೊಲೀಸರು ಬಂದು, ಈ ಊರು ತಮಿಳುನಾಡಿಗೆ ಸೇರಿದ್ದು, ನಮ್ಮ ಗಡಿಯಲ್ಲ ಎಂದು ಹಿಂದಿರುಗಿದರು ಅಂತ ಒಂದು ಸಾಲು ಸೇರಿಸು. ನಮ್ಮ ಕಡೆಯವರು ಬಿದ್ದು ಬಿದ್ದು ನಗುತ್ತಾರೆ. ಇನ್ನೊಂದು, ವಿಷವನ್ನು ಕಾಫಿಗೆ ಹಾಕಿಸಿದ್ದೀಯ. ಮುದ್ದೆ ಉಣ್ಣುವ ಮನೆಯಲ್ಲಿ ಎಂಥ ರುಚಿಯನ್ನೂ ಮುಚ್ಚುವ ಉಪ್ಸಾರಿನ ಖಾರ ಇರುವಾಗ ಕಾಫಿಗೆ ಯಾರಾದರೂ ಹಾಕುತ್ತಾರೆಯೇ, ಪೆದ್ದೀ?

ಇನ್ನು ಜಗಳದ ಸುದ್ದಿ. ನಿಮ್ಮಪ್ಪ ಮೊನ್ನೆ ಕೊನೆಯ ಅಧ್ಯಾಯ ಓದಿ ಕುಣಿದಾಡಿಬಿಟ್ಟ. "ಅವ್ವ, ಅಜ್ಜಿ ಕೈಲಿ ಕೊಲೆ ಮಾಡ್ಸವಳೆ! ಓದ್ದೋರೆಲ್ಲ ಇದು ನಮ್ಮನೆ ಕಥೆ ಅಂತಾರೆ. ಸುಕ್ರವಾರ ಅಚ್ಚಿಗೆ ಓಯ್ತದಂತೆ. ಅದ್ರೊಳ್ಗೆ ನೀನೇ ಒಂದು ಕಾಗ್ಜ ಬರಿ. ಕಥೇಲಿರೋ ಆ ಕೂಲಿಯವ್ನು ಬೊಮ್ಮನ್ ಮ್ಯಾಲೆ ಆಕ್ಬುಡು ಅನ್ನು, ಯಾರ್ ಕೇಳಾರು?" ಎಂದು ಹೇಳಿ, ಕಾಗದ ಪೆನ್ನು ತಂದು ಮುಂದಿಟ್ಟ. ಅದೇ ಕಾಗದ, ಅದೇ ಪೆನ್ನು ಇದು.

ಯಾರ್ ಕೇಳಾರು ಅಂದನಲ್ಲ, ಮೈಯೆಲ್ಲ ಉರಿದುಹೋಯಿತು. ನಮ್ಮ ಹೊಲದಲ್ಲಿ ದುಡಿದೇ ತಲೆ ನರೆತ ಚಿಕ್ಕಯ್ಯ ಅಲ್ಲೇ ಜಗುಲಿಯಲ್ಲಿ ಟೊಮೆಟೊ ಕ್ರೇಟು ಜೋಡಿಸುತ್ತಿದ್ದ. ಕೇಳಿಸಿಕೊಂಡ, ತಲೆ ಎತ್ತಲಿಲ್ಲ. ಪಾಪ, ನಿನ್ನ ಬೊಮ್ಮ ಮಾಡಿದ ತಪ್ಪೇನು? ಜೋಳಕ್ಕೆ ಆನೆ ಬೀಳದ ಹಾಗೆ ಕಾಯಲು ಬಂದದ್ದೇ? "ಕೊಲೆ ಮಾಡದು ಅಜ್ಜಿ, ಮಾನ ಓದ್ರೆ ಓಗದು ನಂದು, ನಿಂಗ್ಯಾಕ್ಲಾ ಉರಿ?" ಎಂದೆ ನಿಮ್ಮಪ್ಪನಿಗೆ. ಎರಡು ದಿನದಿಂದ ನನ್ನ ಹತ್ತಿರ ಮಾತಿಲ್ಲ. ಬಿಡಲಿ, ಮನೆ ತಣ್ಣಗಿದೆ.

ನಾನು ಹೇಳಿದ ಆ ಎರಡು ಬಿಟ್ಟು ಒಂದಕ್ಷರವನ್ನೂ ಬದಲಾಯಿಸಬೇಡ, ಕೂಸೇ. ಬದಲಾಯಿಸದಿದ್ದರೆ ಮನೆಗೆ ಬರಬೇಡ ಎಂದನಂತೆ ನಿನಗೆ. ಮನೆ ನನ್ನ ಹೆಸರಿನಲ್ಲಿದೆ, ಪುಸ್ತಕ ಹಿಡಿದುಕೊಂಡು ಮುಂಬಾಗಿಲಿನಿಂದಲೇ ಬಾ.

ಮಾದಪ್ಪ ನಿನ್ನ ಕೈಗೆ ಕಸುವು ಕೊಡಲಿ, ನಿನ್ನ ರೂಮಿನ ಹುಡುಗಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಕೊಲೆಗಾತಿ ಅಜ್ಜಿ,
ಪುಟ್ಟನಂಜಮ್ಮ

ತಾ.ಕ.: ಟಪಾಲು ಒಯ್ಯುವ ಬಸ್ಸು ಬರುವುದರೊಳಗೆ ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಧೈರ್ಯ ಬರುವುದಿಲ್ಲ. ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗ ನಮ್ಮ ಜೋಡೆತ್ತು ಒಂದೇ ಬೆಳಗ್ಗೆ ವಿಷವೇರಿ ಸತ್ತವು. ಚಿಕ್ಕಯ್ಯನ ಅಪ್ಪ ದೊಡ್ಡಯ್ಯ ಹಿಂದಿನ ದಿನ ನಿಮ್ಮ ತಾತನೊಡನೆ ಜಗಳವಾಡಿದ್ದ, ಅವನೇ ಹಾಕಿದ್ದೆಂದು ಊರೆಲ್ಲ ಸೇರಿ ಓಡಿಸಿದರು. ದಿಂಬಂ ಇಳಿದುಹೋದವನು ಕೆಳಗೇ ತೀರಿಕೊಂಡ. ಚಿಕ್ಕಯ್ಯ ಬೆಳೆದ ಮೇಲೆ ಕೂಲಿಗೆಂದು ತಿರುಗಿ ನಮ್ಮಲ್ಲಿಗೇ ಬಂದ. ಹುಳದ ಔಷಧಿ ಕಲಸಿದ ಬಕೇಟನ್ನು ತೊಳೆಯದೆ ಅದರಲ್ಲೇ ಎತ್ತಿಗೆ ಕಲಗಚ್ಚು ಇಟ್ಟವಳು ನಾನು. ಗೊತ್ತಿದ್ದೂ ಹೆದರಿ ಸುಮ್ಮನಿದ್ದೆ. ಐವತ್ತು ವರ್ಷ ಸುಮ್ಮನಿದ್ದೆ. ಇವತ್ತು ಬೆಳಗ್ಗೆ ನಿಮ್ಮಪ್ಪನ ಎದುರೇ ಚಿಕ್ಕಯ್ಯನಿಗೆ ಹೇಳಿಬಿಟ್ಟೆ. ಅವನು ಕೈಯಲ್ಲಿದ್ದ ಕ್ರೇಟು ಕೆಳಗಿಟ್ಟು, "ನಮ್ಮಪ್ಪುಂಗೆ ಗೊತ್ತಿತ್ತು ಕಣವ್ವ. ಆ ಬಕೀಟ ಅವ್ನೇ ತೊಳ್ದು ಮಡಗಿದ್ನಂತೆ. ಕೈಗೂಸಿನ ತಾಯಿ, ಅವಳ ಎಸ್ರು ಎತ್ಬ್ಯಾಡ ಅಂದಿದ್ನಂತೆ ನಮ್ಮವ್ವುಂಗೆ" ಅಂದ. ಮೇಘಾ, ಪುಸ್ತಕದ ಮೊದಲ ಪುಟದಲ್ಲಿ ದೊಡ್ಡಯ್ಯನ ಹೆಸರು ಹಾಕು. ಹಾಕಿಸಿದವಳು ಪುಟ್ಟನಂಜಮ್ಮ ಅಂತ ಕೆಳಗೆ ನನ್ನ ಹೆಸರನ್ನೂ ಹಾಕು. ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು.